ಕುರಿ, ಮೇಕೆ ಕೂಡಿದರೆ ಮರಿಯಾಗುವುದೇ?

ಪ್ರಶ್ನೆ: ನಮ್ಮಲ್ಲಿ ಕುರಿ, ಮೇಕೆ ಒಂದೇ ರೊಪ್ಪದಲ್ಲಿ ಮಲಗುತ್ತವೆ. ಟಗರು ಮೇಕೆಯ ಮೇಲೆ ಹಾರುವುದನ್ನೂ ಕಂಡಿದ್ದೇನೆ. ಕುದುರೆ, ಕತ್ತೆ ಕೂಡಿ ಹೇಸರಗತ್ತೆ ಹುಟ್ಟುವಾಗ ಇವುಗಳಿಗೇಕೆ ಮರಿಯಾಗುವುದಿಲ್ಲ? ಈ ಸಲ ಒಂದು ಮೇಕೆಯ ಮರಿ ಕುರಿಯಂತೆಯೇ ಕಾಣುತ್ತಿದೆ. ಬೆರಕೆ ಇರಬಹುದೇ?
— ಶಿರಾ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಪ್ರಭೇದಗಳ ನಡುವಿನ ತಡೆ ಎಲ್ಲ ಜೀವಿಗಳಲ್ಲೂ ಒಂದೇ ಹಂತದಲ್ಲಿ ಎದುರಾಗುವುದಿಲ್ಲ. ಬೆದೆಗೆ ಬಂದ ಮೇಕೆ ಬಾಲವಾಡಿಸುತ್ತಾ ಅರಚಿ ಹೋತವನ್ನು ಕರೆಯುತ್ತದೆ. ಕುರಿಯಾದರೋ ಬೆದೆಯನ್ನು ಅಷ್ಟಾಗಿ ತೋರಗೊಡದೆ ತಾನಾಗಿಯೇ ಟಗರಿನ ಬಳಿ ಸರಿಯುತ್ತದೆ. ಆದರೆ ನೀವೇ ಕಂಡಂತೆ ನಡವಳಿಕೆಯ ಈ ತಡೆ ಅಷ್ಟು ಗಟ್ಟಿಯಲ್ಲ.

ಗಟ್ಟಿಯಾದ ತಡೆ ಇರುವುದು ಗರ್ಭದೊಳಗೆ. ಕುರಿಯ ಜೀವಕೋಶದಲ್ಲಿ 54 ವರ್ಣತಂತುಗಳಿವೆ, ಮೇಕೆಯದರಲ್ಲಿ 60. ಟಗರು ಮೇಕೆಯನ್ನು ಕೂಡಿದಾಗ 57 ವರ್ಣತಂತುಗಳ ಭ್ರೂಣ ಬೆಳೆಯತೊಡಗುವುದುಂಟು. ಆದರೆ ಮಾಸು ಸರಿಯಾಗಿ ಬೆಳೆಯದೆ, ತಾಯಿಯ ರೋಗನಿರೋಧಕ ವ್ಯವಸ್ಥೆಯೂ ಅದಕ್ಕೆ ಎದುರಾಗಿ, ಸಾಮಾನ್ಯವಾಗಿ ಎರಡನೆಯ ತಿಂಗಳ ಸುಮಾರಿಗೆ ಅದು ಸಾಯುತ್ತದೆ. ಐದು ತಿಂಗಳ ಗಬ್ಬದಲ್ಲಿ ಇಷ್ಟು ಬೇಗ ಕಂದು ಹಾಕಿದ್ದು ಮಂದೆಯಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಮೇಕೆಗೆ ಗಬ್ಬ ನಿಲ್ಲಲಿಲ್ಲವೆಂದೇ ನಾವು ತಿಳಿಯುತ್ತೇವೆ. ಹೋತ ಕುರಿಯನ್ನು ಕೂಡಿದಾಗಲಂತೂ ಅಂಡ ಫಲಿತವಾಗುವುದೇ ಅಪರೂಪ.

ಕುದುರೆಯಲ್ಲಿ 64, ಕತ್ತೆಯಲ್ಲಿ 62 ವರ್ಣತಂತುಗಳಿವೆ. ಇವುಗಳ ನಡುವೆ ಗರ್ಭದ ತಡೆ ಸಡಿಲವಾಗಿರುವುದರಿಂದ 63 ವರ್ಣತಂತುಗಳ ಹೇಸರಗತ್ತೆ ಹುಟ್ಟುತ್ತದೆ, ದುಡಿಮೆಯಲ್ಲಿ ತಾಯ್ತಂದೆಯರನ್ನು ಮೀರಿಸುವುದೂ ಉಂಟು. ಅದರ ತಡೆ ಒಂದು ತಲೆಮಾರು ಮುಂದಕ್ಕೆ ಹೋಗಿದೆ: ವೀರ್ಯಾಣು ಅಥವಾ ಅಂಡ ರೂಪುಗೊಳ್ಳುವಾಗ ಕುದುರೆಯ ವರ್ಣತಂತುಗಳು ಕತ್ತೆಯವುಗಳೊಂದಿಗೆ ಸರಿಯಾಗಿ ಜೋಡಿಯಾಗುವುದಿಲ್ಲ. ಹೆಣ್ಣು ಹೇಸರಗತ್ತೆ ಮರಿ ಹಾಕಿದ ಉದಾಹರಣೆಗಳು ಬೆರಳೆಣಿಕೆಯಷ್ಟು.

ಕುರಿ, ಮೇಕೆಗಳ ನಿಯಮಕ್ಕೂ ಅಪವಾದವಿದೆ. ಆಫ್ರಿಕಾದ ಬೋಟ್ಸ್ವಾನದಲ್ಲಿ ಟಗರಿಗೂ ಮೇಕೆಗೂ ಹುಟ್ಟಿದ 57 ವರ್ಣತಂತುಗಳ ಗಂಡು ಮರಿಯೊಂದರ ವಿವರ 2000ದಲ್ಲಿ ಪ್ರಕಟವಾಯಿತು. ಮೇಕೆಯ ಉದ್ದ ಕಾಲು, ಕುರಿಯ ತೋರ ಮೈ, ಮೇಲೆ ಒರಟು ಕೂದಲು, ಒಳಗೆ ಉಣ್ಣೆ. ಬೆದೆಯಿರಲಿ ಬಿಡಲಿ, ಕುರಿ ಮೇಕೆಗಳೆರಡರ ಮೇಲೂ ಹಾರುತ್ತಿದ್ದ ಅದರಿಂದ ಒಂದು ಮರಿಯೂ ಆಗಲಿಲ್ಲ.

ಇನ್ನು ನಿಮ್ಮ ಮರಿಯ ವಿಷಯ. ಅದು ಆ ಮೇಕೆಗೇ ಹುಟ್ಟಿದ್ದನ್ನು ನೀವು ಕಣ್ಣಾರೆ ಕಂಡಿರಾ, ಅಥವಾ ಮೊಲೆಯುಣ್ಣುತ್ತಿದ್ದುದನ್ನು ಮಾತ್ರ ನೋಡಿದಿರಾ? ಒಂದೇ ರೊಪ್ಪದಲ್ಲಿ ರಾತ್ರಿ ಈದಾಗ ಮರಿ ಅದಲುಬದಲಾಗುವುದುಂಟು. ಮೊದಲು ಬಾಲ ನೋಡಿ: ಮೇಲಕ್ಕೆ ನಿಮಿರಿದ್ದರೆ ಹೆಚ್ಚಾಗಿ ಮೇಕೆ, ಜೋಲುತ್ತಿದ್ದರೆ ಕುರಿ. ಅದಕ್ಕೂ ಸಮಾಧಾನವಾಗದಿದ್ದರೆ ಪಶುವೈದ್ಯರ ಮೂಲಕ ರಕ್ತದ ಮಾದರಿ ಕಳುಹಿಸಿ ವರ್ಣತಂತುಗಳನ್ನು ಎಣಿಸಬೇಕಾಗುತ್ತದೆ. 57 ಬಂದರೆ ನಮಗೂ ಒಂದು ಸಾಲು ಬರೆಯಿರಿ.