ಮಂಗಳವಾರ ಮತ್ತು ಗುರುವಾರ

ತಮ್ಮಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಐದು ವರ್ಷ ಆನ್‌ಲೈನ್ ಪೋಕರ್‌ನಲ್ಲೇ ಬದುಕು ನಡೆಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಬಂತು, ನೋಡನೋಡುತ್ತಲೇ ಸೈಟ್‌ಗಳು ಬಾಗಿಲು ಹಾಕಿದವು. ಈಗ ಹೆಂಡತಿಯ ಕೆಲಸದ ಮೇಲೆ ವ್ಯಾಂಕೂವರ್‌ಗೆ ಬಂದು ಐದು ವಾರ ಆಗಿದೆ, ಕೈಯಲ್ಲಿ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡುವ ಪರವಾನಗಿ ಇದೆ. "ಇಲ್ಲಿ ಫುಲ್ ಟೈಮ್ ಆಡಬಹುದಾ ಅಣ್ಣಾ? ಬ್ಯಾಕಪ್ ಅಂತ ಏನು ಇಟ್ಟುಕೊಳ್ಳಲಿ?" ಅಂತ ಕೇಳಿದ್ದೀಯ. ಅಣ್ಣ ಅಂದಿದ್ದೀಯಲ್ಲ, ನೀನು ಅಂತಲೇ ಬರೆಯುತ್ತೇನೆ.

ಮೊದಲು ಸುಲಭದ್ದು. ಬ್ಯಾಂಕಿನಲ್ಲಿ ಖಾತೆ ತೆರೆದ ದಿನವೇ ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊ, ತಿಂಗಳು ತಿಂಗಳು ಪೂರ್ತಿ ತೀರಿಸು. ಎಂಎಸ್‌ಪಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿಗೆ ಇವತ್ತೇ ಅರ್ಜಿ ಹಾಕು. ಬಂದ ತಿಂಗಳು ಬಿಟ್ಟು ಇನ್ನೆರಡು ತಿಂಗಳು ಕಾಯಬೇಕು, ಅಲ್ಲಿಯವರೆಗೆ ಬೇರೆ ವಿಮೆ ಇಟ್ಟುಕೊ. ಒಂಟಾರಿಯೊ ಪ್ರಾಂತ್ಯಕ್ಕೆ ಹೋಗಲಾ ಅಂತಲೂ ಕೇಳಿದ್ದೀಯ. ಅಲ್ಲಿ 2022ರ ಏಪ್ರಿಲ್ 4ರಿಂದ ಖಾಸಗಿ ಸೈಟ್‌ಗಳಿಗೂ ಲೈಸೆನ್ಸ್ ಕೊಡುತ್ತಿದ್ದಾರೆ, ನಿಜ. ಆದರೆ ಅದಕ್ಕೋಸ್ಕರ ಹೆಂಡತಿಯ ಕೆಲಸ ಬಿಡಿಸಿ ಮನೆ ಎತ್ತುವುದು ಹುಚ್ಚು. ಅದರ ಬಗ್ಗೆ ಇಷ್ಟೇ.

ಟ್ಯಾಕ್ಸ್ ಬಗ್ಗೆ "ಕೆನಡಾದಲ್ಲಿ ಗೆದ್ದ ದುಡ್ಡಿಗೆ ತೆರಿಗೆ ಇಲ್ಲವಂತೆ" ಎಂದು ಖುಷಿಯಲ್ಲಿ ಬರೆದಿದ್ದೀಯ. ಊರಲ್ಲಿ ಗೆಲುವಿನ ಮೇಲೆ ಶೇ. 30 ಕಟ್ಟಿ, 2023ರ ಅಕ್ಟೋಬರ್‌ನಿಂದ ಹಾಕಿದ ದುಡ್ಡಿನ ಮೇಲೂ ಶೇ. 28 ಜಿಎಸ್‌ಟಿ ನೋಡಿದವನಿಗೆ ಖುಷಿ ಆಗದೇ ಇರುತ್ತದೆಯೇ. ಆದರೆ ಪೂರ್ತಿ ನಂಬಬೇಡ. 2010ರಲ್ಲಿ ಪೋಕರ್‌ನ ಅತಿ ದೊಡ್ಡ ಪಂದ್ಯ, ವರ್ಲ್ಡ್ ಸೀರೀಸ್ ಮೇನ್ ಇವೆಂಟ್ ಗೆದ್ದ ಜೊನಾಥನ್ ಡುಹಾಮೆಲ್ ಕೇಸಿನಲ್ಲಿ, ಇದು ವ್ಯಾಪಾರದ ಆದಾಯ ಅಲ್ಲ ಎಂದು ಟ್ಯಾಕ್ಸ್ ಕೋರ್ಟ್ 2022ರಲ್ಲಿ ಹೇಳಿತು. ಆಮೇಲೆ ಆನ್‌ಲೈನ್ ಆಡುತ್ತಿದ್ದವನೊಬ್ಬನ ಕೇಸಿನಲ್ಲಿ ಅದೇ ಕೋರ್ಟ್, ಇದು ವ್ಯಾಪಾರವೇ, ತೆರಿಗೆ ಕಟ್ಟು ಅಂದಿತು. ನೀನು ದಿನಾ ಎಂಟು ಗಂಟೆ, ಲೆಕ್ಕ ಇಟ್ಟುಕೊಂಡು, ಅದರಲ್ಲೇ ಬದುಕಿದರೆ ಈ ಇಬ್ಬರಲ್ಲಿ ಯಾರ ಕಡೆಗೆ ಬೀಳುತ್ತೀಯ ಅಂತ ನೀನೇ ಯೋಚಿಸು. ಲೆಕ್ಕಪತ್ರ ಸರಿಯಾಗಿಡು, ಒಬ್ಬ ಅಕೌಂಟೆಂಟ್ ಹತ್ತಿರ ಕೂತು ಮಾತಾಡು.

ಇನ್ನೊಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಹಕ್ಕಿಗೆ, ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಎಂಬ ದಾರಿ ಇದೆ. ಅದರಲ್ಲಿ ಸ್ವಂತ ದುಡಿಮೆಯ ಅನುಭವ ಲೆಕ್ಕಕ್ಕಿಲ್ಲ. ಅಂದರೆ ನೀನು ಇಲ್ಲಿ ಒಂದು ವರ್ಷ ಪೋಕರ್ ಆಡಿ ಎಷ್ಟೇ ಗೆದ್ದರೂ ಆ ಫಾರ್ಮಿನಲ್ಲಿ ಅದು ಸೊನ್ನೆ. ಸದ್ಯಕ್ಕೆ ನಿಮ್ಮಿಬ್ಬರನ್ನೂ ಈ ನೆಲದಲ್ಲಿ ಹಿಡಿದಿಟ್ಟಿರುವುದು ಅವಳ ಸಂಬಳದ ಚೀಟಿ.

ಈಗ ನನ್ನ ಕಥೆ. ನಾನು ಬಂದದ್ದು 2008ರ ಜನವರಿ. ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ ಒಂದು ಬೇಸ್‌ಮೆಂಟ್. ಕಿಟಕಿ ನೆಲದ ಮಟ್ಟಕ್ಕಿತ್ತು, ಹೊರಗೆ ನೋಡಿದರೆ ಜನರ ಬೂಟುಗಳು ಮಾತ್ರ. ಐದು ತಿಂಗಳ ಮೇಲೆ ಬರ್ನಬಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿತು. ಮೊದಲ ಚಳಿಗಾಲದಲ್ಲಿ ಹೊತ್ತು ಹೋಗದೆ ಆಡಲು ಶುರು ಮಾಡಿದೆ. ಆಗ ಟೇಬಲ್‌ಗಳು ಮೆತ್ತಗಿದ್ದವು, ಎದುರು ಕೂತವರಿಗೆ ಆಟ ಅಷ್ಟಾಗಿ ಬರುತ್ತಿರಲಿಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಆನ್‌ಲೈನ್ ಸ್ಯಾಟಲೈಟ್‌ನಿಂದ, ಅಂದರೆ ಸಣ್ಣ ಅರ್ಹತಾ ಪಂದ್ಯ ಗೆದ್ದು, ಅದೇ ಮೇನ್ ಇವೆಂಟ್‌ಗೆ ಹೋಗಿ 25 ಲಕ್ಷ ಡಾಲರ್ ಗೆದ್ದಿದ್ದ, ಊರಿಗೆ ಊರೇ ತಾನೂ ಗೆಲ್ಲುತ್ತೇನೆ ಅಂದುಕೊಂಡಿದ್ದ ಕಾಲ ಅದು. 2009ರ ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟೆ. ಊರಿಗೆ ಹೇಳಲಿಲ್ಲ. ನೀನೂ ಹೇಳಿಲ್ಲ ಅಂತ ಗೊತ್ತು. ಮದುವೆ ಮನೆಯಲ್ಲಿ "ಮಗ ಏನು ಮಾಡ್ತಾನೆ" ಅಂದಾಗ ಅಪ್ಪ ಏನಂತ ಹೇಳಬೇಕು, ಅಲ್ವಾ.

2010ರ ಅಕ್ಟೋಬರ್‌ನಲ್ಲಿ ನನ್ನ ಹಳೆಯ ಮ್ಯಾನೇಜರ್ ಒಂದು ಮೇಲ್ ಹಾಕಿದರು. ಒಳ್ಳೆಯ ಹೆಂಗಸು. ಟೀಮಿಗೆ ಕೈ ಸಾಲುತ್ತಿಲ್ಲ, ಮಂಗಳವಾರ ಮತ್ತು ಗುರುವಾರ ಬಂದರೆ ಸಾಕು, ಉಳಿದ ದಿನ ನಿನ್ನದು, ಗಂಟೆಗೆ 24 ಡಾಲರ್. ನಾನು ವಿದ್ಯುತ್ ಬಿಲ್ಲಿನ ಲಕೋಟೆ ತೆಗೆದುಕೊಂಡು ಹಿಂದೆ ಲೆಕ್ಕ ಹಾಕಿದೆ. ಹಿಂದಿನ ಮೂರು ತಿಂಗಳಲ್ಲಿ ಒಟ್ಟಿಗೇ ಎಂಟು ಟೇಬಲ್ ಹಾಕಿ ಎರಡು ಲಕ್ಷ ಹ್ಯಾಂಡ್, ಅಂದರೆ ಅಷ್ಟು ಸುತ್ತು ಆಡಿದ್ದೆ, ಗಂಟೆಗೆ 41 ಡಾಲರ್ ಬಂದಿತ್ತು. ವ್ಯತ್ಯಾಸ 17. ವಾರಕ್ಕೆ ಹದಿನಾರು ಗಂಟೆ. ಕೆಲಸಕ್ಕೆ ಹೋದರೆ ವಾರಕ್ಕೆ 272 ಡಾಲರ್ ನಷ್ಟ! ಲಕೋಟೆಯ ಮೇಲೆ 272ರ ಕೆಳಗೆ ಎರಡು ಗೆರೆ ಎಳೆದು, ಎರಡು ಸಾಲಿನಲ್ಲಿ "ಬೇಡ, ಥ್ಯಾಂಕ್ಸ್" ಬರೆದು ಕಳಿಸಿದೆ.

ಒಂದೊಂದು ಪಣಕ್ಕೂ ಇವಿ, ಅಂದರೆ ಸರಾಸರಿ ಎಷ್ಟು ಲಾಭ ಬರಬಹುದು ಅಂತ ಲೆಕ್ಕ ಹಾಕುವ ಬುದ್ಧಿವಂತ ನಾನು. ಆದರೆ ಆ ಲಕೋಟೆಯಲ್ಲಿ ಏನೇನು ಬಿಟ್ಟಿದ್ದೆ ನೋಡು. ಎರಡು ಲಕ್ಷ ಹ್ಯಾಂಡ್ ಅನ್ನುವುದು ಸಣ್ಣ ಲೆಕ್ಕ, ಅದು ಬರೀ ಅದೃಷ್ಟದ ಓಟವಾಗಿರಬಹುದು. ಆ 41 ಡಾಲರ್ ನಾಳೆ ಇರುತ್ತದೆ ಅಂದುಕೊಂಡಿದ್ದೆ. ಎರಡು ದಿನದ ಕೆಲಸದಿಂದ ಸಿಗುವ ಹೆಸರು, ಪರಿಚಯ, ಗ್ಯಾಪ್ ಇಲ್ಲದ ರೆಸ್ಯೂಮೆ, ಇವಕ್ಕೆ ಸೊನ್ನೆ ಬೆಲೆ ಹಾಕಿದ್ದೆ. ಮತ್ತೆ, ಸುಮ್ನೆ ಮನುಷ್ಯರ ಜೊತೆ ಕೂತು ಕಾಫಿ ಕುಡಿಯುವುದಕ್ಕೂ.

ಆರು ತಿಂಗಳಾಗಿತ್ತು. 2011ರ ಏಪ್ರಿಲ್ 15, ಶುಕ್ರವಾರ. ಅಮೆರಿಕದ ಸರ್ಕಾರ ಮೂರು ದೊಡ್ಡ ಪೋಕರ್ ಸೈಟ್‌ಗಳ ಮಾಲೀಕರ ಮೇಲೆ ಕೇಸು ಬಿಚ್ಚಿಟ್ಟು ಅವರ ಡೊಮೇನ್‌ಗಳನ್ನು ವಶಪಡಿಸಿಕೊಂಡಿತು. ನಾನು ಕೆನಡಾದಲ್ಲಿದ್ದೆ, ನನಗೇನು ಅಂದುಕೊಂಡೆ. ಆದರೆ ಟೇಬಲ್‌ನಲ್ಲಿ ದಿನಾ ನೋಡುತ್ತಿದ್ದ ಅಮೆರಿಕದವರ ಹೆಸರುಗಳು ಒಂದೊಂದಾಗಿ ಮಾಯವಾದವು. ನನ್ನ ಗಂಟೆಗೆ 41 ಡಾಲರ್ ಕೊಡುತ್ತಿದ್ದವರೇ ಅವರು. ಉಳಿದವರೆಲ್ಲ ನನ್ನಂಥ ರೆಗ್‌ಗಳು, ಅಂದರೆ ದಿನಾ ಆಡಿ ಪಳಗಿದವರು, ಒಬ್ಬರನ್ನೊಬ್ಬರು ದಿಟ್ಟಿಸಿಕೊಂಡು ಕೂತಿದ್ದೆವು, ಸೈಟ್‌ನವರು ಕತ್ತರಿಸಿಕೊಳ್ಳುವ ರೇಕ್ ಮಾತ್ರ ಹೋಗುತ್ತಿತ್ತು. ಅದರ ಮೇಲೆ, ನನ್ನ ಬ್ಯಾಂಕ್‌ರೋಲ್‌ನ, ಅಂದರೆ ಆಟಕ್ಕೆಂದು ಇಟ್ಟ ದುಡ್ಡಿನ ಮುಕ್ಕಾಲು ಪಾಲು ಒಂದೇ ಸೈಟ್‌ನಲ್ಲಿತ್ತು. ಅದು ಸಿಕ್ಕಿಕೊಂಡಿತು. ಕೊನೆಗೆ ಬಂತು, ಇಲ್ಲ ಅನ್ನುವುದಿಲ್ಲ, ಆದರೆ ಬಾಡಿಗೆ ಕಟ್ಟಬೇಕಾದಾಗ ಬರಲಿಲ್ಲ. ಮನೆಖರ್ಚಿನ ದುಡ್ಡು ಬೇರೆ, ಆಡುವ ದುಡ್ಡು ಬೇರೆ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದವನು ನಾನೇ.

ಆ ವರ್ಷ ಅಮೆರಿಕದ ಆಟಗಾರರು ಗಡಿ ದಾಟಿ ಇಲ್ಲಿಗೆ ಬಂದರು. ಇಬ್ಬರು ನನ್ನ ಬೇಸ್‌ಮೆಂಟಿನಲ್ಲೇ ಬಾಡಿಗೆ ಹಂಚಿಕೊಂಡಿದ್ದರು. ಬಟ್ಟೆ ಒಂದು ಬ್ಯಾಗ್, ಮಾನಿಟರ್ ಎರಡು. ಮಾನಿಟರ್‌ಗಳನ್ನು ಟವೆಲ್‌ನಲ್ಲಿ ಸುತ್ತಿ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದರು. ಪ್ರವಾಸಿಯಾಗಿ ಆರು ತಿಂಗಳು ಇರಬಹುದಿತ್ತು. ಆರು ತಿಂಗಳ ಮೇಲೆ ಏನು ಅಂತ ನಾನು ಕೇಳಿದರೆ, "ಮೆಕ್ಸಿಕೊ" ಅಂದ ಒಬ್ಬ. ಆಮೇಲೆ? ಅವನು ಹೆಡ್‌ಫೋನ್ ಹಾಕಿಕೊಂಡ. ನಿನ್ನ ಪತ್ರದಲ್ಲಿ "ಇಲ್ಲೂ ಆಗದಿದ್ದರೆ ಬೇರೆ ದೇಶ ನೋಡ್ತೀನಿ" ಅಂತ ಓದಿದಾಗ ನೆನಪಾದದ್ದು ಆ ಹೆಡ್‌ಫೋನ್.

ಜೂನ್‌ನಲ್ಲಿ ನಾಚಿಕೆ ಬಿಟ್ಟು ಹಳೆಯ ಆಫೀಸಿಗೆ ಬರೆದೆ. ಆ ಮ್ಯಾನೇಜರ್ ಕೆಲಸ ಬಿಟ್ಟು ಹೋಗಿದ್ದರು. ಅವರ ಜಾಗದಲ್ಲಿದ್ದವನು ಕರೆದು ಕೂರಿಸಿ, ಒಂದೂವರೆ ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದ. ಮನೆಯ ವ್ಯಾಪಾರ ನೋಡಿಕೊಳ್ಳುತ್ತಿದ್ದೆ ಅಂದೆ. "ಏನು ವ್ಯಾಪಾರ?" ಅಂದ. ಎಷ್ಟೋ ಸಲ ಕೈಯಲ್ಲಿ ಒಳ್ಳೆಯ ಎಲೆ ಇಲ್ಲದೆ ಆಲ್-ಇನ್ ಹೋಗಿದ್ದೇನೆ, ಇದ್ದದ್ದೆಲ್ಲ ಪಣಕ್ಕಿಟ್ಟಿದ್ದೇನೆ, ಮುಖದಲ್ಲಿ ಏನೂ ತೋರಿಸಿಲ್ಲ. ಅವತ್ತು "ಅಡಿಕೆ" ಅಂದುಬಿಟ್ಟು ಕಿವಿಯವರೆಗೂ ಕೆಂಪಾದೆ. ಕೆಲಸ ಸಿಗಲಿಲ್ಲ. ಎಂಟು ತಿಂಗಳು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದೆ.

ಅದರಿಂದ ನನ್ನನ್ನು ಎತ್ತಿದ್ದು ಏನು ಗೊತ್ತಾ? ಪೋಕರ್‌ಟ್ರ್ಯಾಕರ್, ಆಡಿದ ಆಟಗಳನ್ನೆಲ್ಲ ದಾಖಲಿಸಿಡುವ ಸಾಫ್ಟ್‌ವೇರ್. ಅದರ ಒಳಗಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್. ನನ್ನ ಹ್ಯಾಂಡ್‌ಗಳನ್ನು ಸೋಸಲು ವರ್ಷಗಟ್ಟಲೆ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು ಬರೆದಿದ್ದೆ, ಅದು ಕೆಲಸಕ್ಕೆ ಬರುವ ವಿದ್ಯೆ ಅಂತ ಹೊಳೆದೇ ಇರಲಿಲ್ಲ. ಒಂದು ವಿಮಾ ಕಂಪನಿಯ ಇಂಟರ್‌ವ್ಯೂನಲ್ಲಿ ಈ ಸಲ ನಿಜ ಹೇಳಿದೆ, ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಇವತ್ತಿಗೂ ಡೇಟಾ ಕೆಲಸದಲ್ಲೇ ಇದ್ದೇನೆ. ಸ್ವಲ್ಪ ಹೆಮ್ಮೆ ಇದೆ, ಇರಲಿ.

ಹಾಗಾಗಿ ಗ್ಯಾಪ್ ಮುಚ್ಚಬೇಡ. ಐದು ವರ್ಷ ಏನು ಮಾಡಿದೆ ಅಂತ ಲೆಕ್ಕದ ಸಮೇತ ಹೇಳು. ಆ ಕ್ವೆರಿ ಬರೆಯುವ ಭಾಷೆ ಎಸ್‌ಕ್ಯುಎಲ್, ಅದನ್ನು ಗಟ್ಟಿ ಮಾಡಿಕೊ. ಗಣಿತ ಓದಿದವನು ಅಂದಿದ್ದೀಯ, ಆಕ್ಚುಯರಿಗಳ, ಅಂದರೆ ವಿಮೆಯ ಅಪಾಯ ಲೆಕ್ಕ ಹಾಕುವವರ ಮೊದಲ ಪರೀಕ್ಷೆಗಳಲ್ಲಿ ಒಂದು ಪೂರ್ತಿ ಸಂಭವನೀಯತೆಯದ್ದೇ, ನಿನಗೆ ಅದು ಮನೆಯ ಅಂಗಳ. ನೀನು ಬ್ಯಾಕಪ್ ಅಂತ ಬರೆದ ಮೂರೂ, ಅಂದರೆ ಕೋಚಿಂಗ್, ಸ್ಟ್ರೀಮಿಂಗ್, ಬೇರೆಯವರಿಗೆ ಸ್ಟೇಕ್ ಹಾಕುವುದು (ಆಡಲು ದುಡ್ಡು ಕೊಟ್ಟು ಗೆಲುವಿನಲ್ಲಿ ಪಾಲು ಪಡೆಯುವುದು), ಬ್ಯಾಕಪ್ ಅಲ್ಲ. ಆಟ ಬಿದ್ದ ದಿನ ಅವೂ ಜೊತೆಗೇ ಬೀಳುತ್ತವೆ. ಊರಲ್ಲಿ ಆಗಸ್ಟ್‌ನಲ್ಲಿ ಅದನ್ನೇ ನೋಡಿದೆಯಲ್ಲ. ಕಾಯ್ದೆಯಲ್ಲಿ ಆಡುವವನಿಗೆ ಶಿಕ್ಷೆ ಇಲ್ಲ, ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವನಿಗೂ ಇದೆ. 2022ರಲ್ಲಿ ನಮ್ಮ ಹೈಕೋರ್ಟ್ ರಾಜ್ಯದ ನಿಷೇಧ ರದ್ದು ಮಾಡಿದಾಗ ಕೌಶಲದ ಆಟ ಗೆದ್ದಿತು ಅಂತ ಎಲ್ಲರೂ ಕುಣಿದಿದ್ದರು. ಹೊಸ ಕಾಯ್ದೆ ಕೌಶಲವೋ ಅದೃಷ್ಟವೋ ಅಂತ ಕೇಳಲೇ ಇಲ್ಲ.

ಕಾಯ್ದೆ ಇಲ್ಲದಿದ್ದರೂ ಆಟ ಗಟ್ಟಿಯಾಗುತ್ತಲೇ ಇದೆ. 2017ರಲ್ಲಿ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ವರು ಪ್ರೊಗಳನ್ನು 1,20,000 ಹ್ಯಾಂಡ್ ಆಡಿ ಸೋಲಿಸಿತು, 2019ರಲ್ಲಿ ಪ್ಲುರಿಬಸ್ ಆರು ಜನರ ಟೇಬಲ್‌ನಲ್ಲೂ ಗೆದ್ದಿತು. ಈಗ ಸಣ್ಣ ಪಣಕ್ಕೆ ಆಡುವವನೂ ಸಾಲ್ವರ್, ಅಂದರೆ ಸರಿಯಾದ ಆಟ ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ ಓದಿ ಬರುತ್ತಾನೆ. ನನ್ನ 2010ರ ಆಟ ಇವತ್ತು ಆಡಿದರೆ ಒಂದು ತಿಂಗಳೂ ಬಾಳುವುದಿಲ್ಲ.

ಆಡಬೇಡ ಅನ್ನುತ್ತಿಲ್ಲ. ನಾನೂ ಶನಿವಾರ ರಾತ್ರಿ ಆಡುತ್ತೇನೆ. ಆದರೆ ವಾರಕ್ಕೆ ಎರಡು ದಿನ ಯಾರಾದರೂ ಕರೆದರೆ, ಸಂಬಳ ಎಷ್ಟೇ ಕಡಿಮೆ ಇರಲಿ, ಲಕೋಟೆ ಹುಡುಕಬೇಡ, ಹೋಗು. ಅದೂ ಗೆಲ್ಲುತ್ತಿರುವಾಗಲೇ ಹೋಗು. ಡೌನ್‌ಸ್ವಿಂಗ್‌ನಲ್ಲಿ, ಸೋಲಿನ ಮೇಲೆ ಸೋಲು ಬರುತ್ತಿರುವಾಗ ಇಂಟರ್‌ವ್ಯೂಗೆ ಕೂತರೆ ಎದುರಿಗಿದ್ದವರಿಗೆ ವಾಸನೆ ಬರುತ್ತದೆ.

ಆ ಮೇಲ್ ನಾನಿನ್ನೂ ಅಳಿಸಿಲ್ಲ. ಲಕೋಟೆ ಎಲ್ಲೋ ಹೋಯಿತು.

ಕೊನೆಗೆ, ಈ ಮಳೆ ಯಾವಾಗ ನಿಲ್ಲುತ್ತೆ ಅಂತ ಕೇಳಿದ್ದೀಯ. ಏಪ್ರಿಲ್ ಹೊತ್ತಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಕೊಡೆ ಬೇಡ, ಹುಡ್ ಇರುವ ಜಾಕೆಟ್ ತೆಗೆದುಕೊ. ನಾನು ತೀರ್ಥಹಳ್ಳಿ ಕಡೆಯವನು, ಮಳೆ ನನಗೆ ಹೊಸದಲ್ಲ, ಆದರೂ ಮೊದಲ ವರ್ಷ ನಿದ್ದೆ ಬರುತ್ತಿರಲಿಲ್ಲ. ಇಲ್ಲಿನದ್ದು ಸದ್ದೇ ಮಾಡುವುದಿಲ್ಲ. ಹೆಂಚಿನ ಮೇಲೆ ಬೀಳುವ ಮಳೆ ಕೇಳಿಕೊಂಡು ಮಲಗಿದವನಿಗೆ ಅದು ರೂಢಿಯಾಗಲು ಬಹಳ ದಿನ ಬೇಕು. ಭಾನುವಾರ ಬಿಡುವಿದ್ದರೆ ಇಬ್ಬರೂ ಊಟಕ್ಕೆ ಬನ್ನಿ. ಲ್ಯಾಪ್‌ಟಾಪ್ ತಾ, ನಿನ್ನ ಡೇಟಾಬೇಸ್ ನೋಡೋಣ.