ತೂಕ ಇಳಿಸುವ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೇ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯವಳು. ವಯಸ್ಸು 44, ಎತ್ತರ 156 ಸೆಂ.ಮೀ., ತೂಕ 84 ಕೆ.ಜಿ. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ನುಂಗುತ್ತಿದ್ದೇನೆ. ಮಂಡಿನೋವಿನಿಂದ ನಮ್ಮ ಆಲೆಮನೆಯ ಕೆಲಸಕ್ಕೆ ನಿಲ್ಲಲಾಗುತ್ತಿಲ್ಲ. ಮೈಸೂರಿನ ಒಂದು ತೂಕ ಇಳಿಸುವ ಕೇಂದ್ರದವರು ಹನ್ನೆರಡು ಸಿಟಿಂಗ್‌ಗೆ 48,000 ರೂಪಾಯಿ ಹೇಳಿ, ಅಂದೇ ಅರ್ಧ ಹಣ ಕಟ್ಟಿದರೆ ರಿಯಾಯಿತಿ ಎಂದರು. ವಾರಕ್ಕೊಂದು ಇಂಜೆಕ್ಷನ್ ಬಂದಿದೆ ಎಂದೂ ಕೇಳಿದ್ದೇನೆ. ಕಡಿಮೆ ಖರ್ಚಿನಲ್ಲಿ ನಂಬಬಹುದಾದ ಚಿಕಿತ್ಸೆ ನಮ್ಮ ಕಡೆ ಸಿಗುವುದೇ, ಬೆಂಗಳೂರಿಗೇ ಹೋಗಬೇಕೇ?

ಉತ್ತರ: ಬೆಂಗಳೂರಿಗೆ ಹೋಗಬೇಕಿಲ್ಲ, ಆ 48,000 ರೂಪಾಯಿಯನ್ನೂ ಕಟ್ಟಬೇಡಿ. ‘ತೂಕ ಇಳಿಸುವ ಕೇಂದ್ರ’ ಎಂಬ ಫಲಕವನ್ನು ಹುಡುಕುವ ಬದಲು ನಿಮ್ಮ ತೂಕವನ್ನೂ ಸಕ್ಕರೆ ಕಾಯಿಲೆಯನ್ನೂ ಒಟ್ಟಿಗೆ ನೋಡುವ ವೈದ್ಯರನ್ನು ಹುಡುಕಿ. ಅಂಥವರು ಸಿಗುವುದು ಜನರಲ್ ಮೆಡಿಸಿನ್ ವಿಭಾಗದಲ್ಲಿ. ನಿಮಗೆ ಹತ್ತಿರದಲ್ಲಿ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಮಿಮ್ಸ್) ಆಸ್ಪತ್ರೆಯಿದೆ. ಸುಮಾರು 45 ಕಿ.ಮೀ. ದೂರದ ಮೈಸೂರಿನಲ್ಲಿ, 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯಿದೆ. ಎರಡೂ ಸರ್ಕಾರದವು, ಹೊರರೋಗಿ ಚೀಟಿಯ ಹಣ ಯಾರಿಗೂ ಹೊರೆಯಾಗುವಂಥದ್ದಲ್ಲ. ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚೂ ಇಲ್ಲ. ಸರತಿಯಲ್ಲಿ ಕಾಯಬೇಕಾಗುವುದು ನಿಜ, ಬೆಳಿಗ್ಗೆ ಬೇಗ ಹೋಗಿ. ಹಾರ್ಮೋನು ತಜ್ಞರ ಸಲಹೆ ಬೇಕೆನಿಸಿದರೆ ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಂಥ ಖಾಸಗಿ ಬೋಧನಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಹೆಚ್ಚಾಗಿ ಸೆಳೆದದ್ದು ಮಾತ್ರೆಯ ಹೆಸರು. ಗ್ಲಿಮೆಪಿರೈಡ್ ಸಕ್ಕರೆಯನ್ನು ಇಳಿಸುತ್ತದೆ, ಆದರೆ ಹಲವರಲ್ಲಿ ತೂಕವನ್ನು ಏರಿಸುತ್ತದೆ. ಅದಕ್ಕೆ ಬದಲಾಗಿ ತೂಕ ಏರಿಸದ ಮಾತ್ರೆಗಳಿವೆ. ಅವುಗಳಲ್ಲಿ ಕೆಲವು ಜನೌಷಧಿ ಕೇಂದ್ರಗಳಲ್ಲೂ ಕಡಿಮೆ ಬೆಲೆಗೆ ಸಿಗುತ್ತವೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ‘ಈ ಮಾತ್ರೆಯಿಂದ ನನ್ನ ತೂಕ ಏರುತ್ತಿದೆಯೇ, ಬದಲಿಸಬಹುದೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿ. ಸಿಟಿಂಗ್ ಮಾರುವವರು ಈ ಮಾತ್ರೆಯ ಬಗ್ಗೆ ಒಂದು ಮಾತನ್ನೂ ಕೇಳದೆ ದರ ಹೇಳಿದ್ದರೆ, ಅವರು ಮಾಡುತ್ತಿರುವುದು ಚಿಕಿತ್ಸೆಯಲ್ಲ. ಥೈರಾಯ್ಡ್ ಪರೀಕ್ಷೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಬ್ಬು, ಯಕೃತ್ತು ಹಾಗೂ ಮೂತ್ರಪಿಂಡದ ಪರೀಕ್ಷೆಗಳು ಮೊದಲು ಆಗಲಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಹಗಲು ತೂಕಡಿಕೆ ಬರುತ್ತಿದ್ದರೆ ಅದನ್ನೂ ತಿಳಿಸಿ.

ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆ ಬಿಎಂಐ. ನಿಮ್ಮದು 34.5. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಎಂದೇ ಗಣಿಸುತ್ತಾರೆ, ಆದ್ದರಿಂದ ನಿಮಗೆ ಚಿಕಿತ್ಸೆ ಬೇಕೇಬೇಕು. ಆದರೆ ಮೂವತ್ತು ಕೆ.ಜಿ. ಇಳಿಯಬೇಕೆಂಬ ಹಟ ಬೇಡ. ನಾಲ್ಕರಿಂದ ಎಂಟು ಕೆ.ಜಿ. ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ಬರಲು ನೆರವಾಗುತ್ತದೆ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ.

ಊಟದ ವಿಷಯದಲ್ಲಿ ಮುದ್ದೆ ಬಿಡಬೇಕಿಲ್ಲ, ಗಾತ್ರ ನೋಡಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ ಇರುತ್ತದೆ. ಒಂದು ದಿನ ಹಿಟ್ಟನ್ನು ಅಳೆದು ಎಸರಿಗೆ ಹಾಕಿ ನೋಡಿ, ತಟ್ಟೆಯ ಮುದ್ದೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಸೊಪ್ಪು ಮತ್ತು ಕಾಳಿನ ಪಲ್ಯ ಹೆಚ್ಚಾಗಲಿ. ಇನ್ನು, ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ಮಾತು ನಿಮ್ಮ ಕಾಯಿಲೆಗೆ ಅನ್ವಯಿಸುವುದಿಲ್ಲ. ಕೊಪ್ಪರಿಗೆಯಿಂದ ಇಳಿಸಿದ ಬಿಸಿಬೆಲ್ಲದ ರುಚಿ ನೋಡುವ ಕೆಲಸವನ್ನು ಮನೆಯ ಬೇರೆಯವರಿಗೆ ವಹಿಸಿ.

ವಾರದ ಇಂಜೆಕ್ಷನ್ ಸುಳ್ಳು ಭರವಸೆಯಲ್ಲ. ಅಂಥ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್‌ನ ಮುಖ್ಯ ಪ್ರಯೋಗವೊಂದರಲ್ಲಿ, ಸಕ್ಕರೆ ಕಾಯಿಲೆ ಇಲ್ಲದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿಯಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಇಳಿಕೆ ಇದಕ್ಕಿಂತ ಕಡಿಮೆ. ಚುಚ್ಚುಮದ್ದು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡರಷ್ಟು ಮರಳಿ ಬಂತು. ಹೀಗಾಗಿ ಒಂದು ತಿಂಗಳ ಬೆಲೆಯನ್ನಲ್ಲ, ಎರಡು ವರ್ಷದ ಬೆಲೆಯನ್ನು ಲೆಕ್ಕಹಾಕಬೇಕು. ಇಂಥದ್ದೇ ಇನ್ನೊಂದು ಇಂಜೆಕ್ಷನ್ ತಿರ್ಜೆಪಟೈಡ್ 2025ರಲ್ಲಿ ಭಾರತಕ್ಕೆ ಬಂದಾಗ ಆರಂಭದ ಪ್ರಮಾಣವೇ ವಾರಕ್ಕೆ 3,500 ರೂಪಾಯಿ, ಅಂದರೆ ತಿಂಗಳಿಗೆ 14,000 ಇತ್ತು. ಇಂದಿನ ದರಗಳನ್ನು ಎರಡು ಮೂರು ಔಷಧಿ ಅಂಗಡಿಗಳಲ್ಲಿ ಕೇಳಿ ಹೋಲಿಸಿ. ಗ್ಲಿಮೆಪಿರೈಡ್ ಜೊತೆಗೆ ಈ ಇಂಜೆಕ್ಷನ್ ಶುರುಮಾಡಿದರೆ ಸಕ್ಕರೆ ಥಟ್ಟನೆ ಕುಸಿದು ಬೆವರು, ನಡುಕ, ಕಣ್ಣು ಕತ್ತಲಿಡುವುದು ಆಗಬಹುದಾದ್ದರಿಂದ ಮಾತ್ರೆಯ ಪ್ರಮಾಣವನ್ನು ವೈದ್ಯರೇ ತಗ್ಗಿಸಬೇಕು. ಕಣ್ಣಿನ ರೆಟಿನಾ ಪರೀಕ್ಷೆಯೂ ಮೊದಲೇ ಆಗಿರಲಿ. ಮೇದೋಜ್ಜೀರಕ ಗ್ರಂಥಿಯ ಉರಿಯೂತ ಹಿಂದೆ ಬಂದಿದ್ದರೆ ಅಥವಾ ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮರೆಯದೆ ಹೇಳಿ. ವೈದ್ಯರ ಚೀಟಿಯಿಲ್ಲದೆ ಈ ಇಂಜೆಕ್ಷನ್ ಕೊಡುವ ಜಾಗದಿಂದ ಎದ್ದು ಬನ್ನಿ.

ಪ್ರಶ್ನೆ: ಮೈಸೂರಿನಲ್ಲಿ ಇಂಥದ್ದೇ ಒಂದು ಕೇಂದ್ರಕ್ಕೆ ನಾನು ಈಗಾಗಲೇ 20,000 ರೂಪಾಯಿ ಕಟ್ಟಿದ್ದೇನೆ. ಎರಡು ಸಿಟಿಂಗ್ ಆದ ಮೇಲೆ ಬೇಡವೆಂದರೆ ಹಣ ಕೊಡುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ರಸೀದಿ, ಸಹಿ ಮಾಡಿದ ಕಾಗದ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನ ಮಾಡಿ, ಉಳಿದ ಹಣ ಕೇಳಿ ಬರಹದಲ್ಲೇ ಒಂದು ಪತ್ರ ಕೊಡಿ. ಫಲ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ. ಮುಂದಿನ ದಾರಿ ಜಿಲ್ಲಾ ಗ್ರಾಹಕರ ಆಯೋಗ: ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ಆದರೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವೈದ್ಯರಲ್ಲದವರು ಅಲ್ಲಿ ಇಂಜೆಕ್ಷನ್ ಕೊಡುತ್ತಿದ್ದರೆ ಅಥವಾ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆಯಬೇಕಾದ ನೋಂದಣಿ ಪತ್ರ ಗೋಡೆಯ ಮೇಲೆ ಕಾಣದಿದ್ದರೆ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಪ್ರತ್ಯೇಕವಾಗಿ ದೂರು ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.