‘ಒಂದು ಸಣ್ಣ ಆಪರೇಷನ್’ ಅಂದಿರಲ್ಲ

ಮಂಡ್ಯದ ಓದುಗರೇ,

ನಿಮ್ಮ ಪತ್ರ ಓದಿದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಸಿಟ್ಟು ಬಂದಿತ್ತು. ಇಳಿಯಲಿ ಅಂತ ಒಂದು ವಾರ ಬಿಟ್ಟು ಬರೆಯಲು ಕೂತಿದ್ದೇನೆ, ಪೂರ್ತಿ ಇಳಿದಿಲ್ಲ.

ಉಳಿದವರಿಗಾಗಿ ಕಥೆ ಇಷ್ಟು. ಇವರಿಗೆ 46 ವರ್ಷ. ಬಿಪಿ ಹಳೆಯದು, ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ ಈಗ ಎರಡೂ ಕಿಡ್ನಿ ಸೋತಿವೆ. ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ 2003ರ ಮಾರುತಿ ಜೆನ್ ಒಂದರ ಎಂಜಿನ್ ಇಳಿಸಿಕೊಂಡು, ಅದಕ್ಕೆ ಟರ್ಬೊ, ಅಂದರೆ ಹೆಚ್ಚು ಗಾಳಿ ನೂಕಿ ಶಕ್ತಿ ಏರಿಸುವ ಸಾಧನ, ಕೂರಿಸುತ್ತಿದ್ದಾರೆ. ಎರಡು ವರ್ಷವಾಯಿತು, ಒಂದು ಲಕ್ಷ ತೊಂಬತ್ತು ಸಾವಿರ ರೂಪಾಯಿ ಹೋಯಿತು. ‘ನೀವು ಮಾರ್ತೀರೋ, ನಾನೇ ಗುಜರಿಯವನನ್ನ ಕರೀಲೋ’ ಅಂತ ಹೆಂಡತಿ ಕೇಳುತ್ತಿದ್ದಾರೆ. ದಸರೆ ಹೊತ್ತಿಗೆ ಗಾಡಿ ಚಾಮುಂಡಿ ಬೆಟ್ಟ ಹತ್ತಬೇಕು ಅನ್ನೋದು ಇವರ ಹಟ. ಮುಗಿಸಲೋ ಮಾರಲೋ ಅಂತ ನನ್ನನ್ನು ಕೇಳಿದ್ದಾರೆ.

ಸ್ವಾಮಿ, ನಿಮ್ಮ ಪತ್ರ ನಾಲ್ಕು ಪುಟ. ಮೂರು ಮುಕ್ಕಾಲು ಪುಟ ಕಾರು. ಬೂಸ್ಟ್, ಅಂದರೆ ಟರ್ಬೊ ನೂಕುವ ಗಾಳಿಯ ಒತ್ತಡ, 0.4 ಬಾರ್ ದಾಟಿಸೋಲ್ಲ ಅಂತ ದಶಾಂಶದ ಸಮೇತ ಬರೆದಿದ್ದೀರಿ. ಕಿಡ್ನಿ ಎಷ್ಟು ಸೋತಿದೆ ಅಂತ ರಕ್ತಪರೀಕ್ಷೆಯಲ್ಲಿ ತೋರಿಸುವ ಕ್ರಿಯಾಟಿನಿನ್ ಎಷ್ಟು ಅಂದರೆ ‘ಐದೋ ಆರೋ ಇದೆಯಂತೆ’. ಇದೆಯಂತೆ! ಪಕ್ಕದ ಮನೆಯವರ ಕಿಡ್ನಿಯೇ ಅದು? ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತು, ಎಲ್ಲದಕ್ಕೂ ಒಂದು ನೋಟ್‌ಬುಕ್ ಇಡಿ ಅನ್ನುವವಳು ನಾನು. ನಿಮ್ಮ ಹತ್ತಿರ ನೋಟ್‌ಬುಕ್ ಇದೆ, ಆದರೆ ಅದರಲ್ಲಿ ಬೋಲ್ಟಿನ ಸೈಜು ಮಾತ್ರ ಇದೆ.

ಇನ್ನೊಂದು ಹುಚ್ಚೂ ಇದೆ. ಪತ್ರದಲ್ಲಿ ‘ಒಂದು ಸಣ್ಣ’ ಅಂತ ಎಲ್ಲಿ ಬರುತ್ತದೋ ಅಲ್ಲಿ ನಾನು ನಿಂತುಬಿಡುತ್ತೇನೆ. ಒಂದು ಸಣ್ಣ ಸಾಲ, ಒಂದು ಸಣ್ಣ ಮಾತು ಬಂತು, ಒಂದು ಸಣ್ಣ ಸಹಿ. ನಿಮ್ಮ ಮೂರನೇ ಪುಟದಲ್ಲಿ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಎಲ್ಲಿ ಕೂರಿಸೋದು ಅನ್ನುವುದಕ್ಕೂ ಹೆಂಡತಿಯ ಮೇಲಿನ ದೂರಿಗೂ ನಡುವೆ ಒಂದೇ ಸಾಲು: ‘ಎಡಗೈಗೆ ಒಂದು ಸಣ್ಣ ಆಪರೇಷನ್ ಹೇಳಿದ್ದಾರೆ, ಗಾಡಿ ಮುಗಿದ ಮೇಲೆ ಮಾಡಿಸ್ತೀನಿ, ಈಗ ಮಾಡಿಸಿದರೆ ಸ್ಪ್ಯಾನರ್ ಹಿಡಿಯೋಕಾಗಲ್ಲ.’

ಅದು ಫಿಸ್ಟುಲಾ. ನೀವು ಆ ಹೆಸರನ್ನೂ ಬರೆದಿಲ್ಲ. ಸಂಕ್ರಾಂತಿಯಲ್ಲಿ ಡಾಕ್ಟರು ಹೇಳಿದ್ದು, ಯುಗಾದಿಯೊಳಗೆ ಮಾಡಿಸಿ ಅಂದಿದ್ದು. ಈಗ ಆಷಾಢ. ‘ಆಷಾಢ ಕಳೀಲಿ’ ಅಂತ ನಿಮ್ಮ ತಾಯಿ ಬೇರೆ ಅಂದರಂತೆ. ಆಷಾಢದಲ್ಲಿ ಮದುವೆ ಇಡೋಲ್ಲ, ಸರಿ. ಕೈಯ ರಕ್ತನಾಳ ಜೋಡಿಸಬಾರದು ಅಂತ ಯಾವ ಪಂಚಾಂಗದಲ್ಲಿದೆ, ತೋರಿಸಲಿ.

ಫಿಸ್ಟುಲಾ ಅಂದರೆ ಏನು ಅಂತ ನಿಮ್ಮಂಥ ಮೆಕ್ಯಾನಿಕ್ ಮನಸ್ಸಿನವರಿಗೆ ವಿವರಿಸೋದು ಸುಲಭ. ಡಯಾಲಿಸಿಸ್ ಯಂತ್ರಕ್ಕೆ ರಕ್ತ ಜೋರಾಗಿ ಹೋಗಬೇಕು, ಜೋರಾಗಿ ವಾಪಸ್ ಬರಬೇಕು. ಮಾಮೂಲಿ ರಕ್ತನಾಳಕ್ಕೆ ಅಷ್ಟು ತಾಕತ್ತಿಲ್ಲ. ಅದಕ್ಕೇ ಮಣಿಕಟ್ಟಿನ ಹತ್ತಿರವೋ ಮೊಣಕೈ ಹತ್ತಿರವೋ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. ಆ ಒತ್ತಡಕ್ಕೆ ಅಭಿಧಮನಿ ಉಬ್ಬಿ, ಗೋಡೆ ದಪ್ಪವಾಗಿ, ಸೂಜಿ ತಡೆಯುವ ಹಾಗೆ ಆಗುತ್ತದೆ. ಹಾಗಾಗಲು ಒಂದೂವರೆ ತಿಂಗಳಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಇವತ್ತು ಮಾಡಿಸಿ ನಾಳೆ ಡಯಾಲಿಸಿಸ್‌ಗೆ ಕೂರೋಕಾಗಲ್ಲ. ಕಸಿಗೆ ಹೆಸರು ಬರೆಸಿದರೂ ಕಿಡ್ನಿ ಸಿಗುವ ತನಕ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಆ ಯಂತ್ರವೇ ಗತಿ.

ನನ್ನ ಸೋದರಮಾವನಿಗೂ ಇದೇ ಆಪರೇಷನ್ ಹೇಳಿದ್ದರು. ಮಗಳ ಮದುವೆ ಆಗಲಿ ಅಂತ ಮುಂದೂಡಿದರು. ಮದುವೆಯಾದ ಹನ್ನೆರಡನೇ ದಿನ ರಾತ್ರಿ ಉಸಿರು ಕಟ್ಟಿತು, ಎದೆಯಲ್ಲಿ ನೀರು. ಕೈ ತಯಾರಿರಲಿಲ್ಲ, ಕುತ್ತಿಗೆಗೆ ಕೊಳವೆ ಹಾಕಿದರು. ಹತ್ತು ದಿನಕ್ಕೆ ಅದೇ ಕೊಳವೆಯಿಂದ ಸೋಂಕು, ಕಂಬಳಿ ಎರಡು ಹೊದಿಸಿದರೂ ಮಂಚ ಅಲ್ಲಾಡುವಂಥ ಚಳಿಜ್ವರ. ಬದುಕಿಕೊಂಡರು. ಆಮೇಲೆ ಫಿಸ್ಟುಲಾ ಮಾಡಿಸಿಕೊಂಡು ಒಂಬತ್ತು ವರ್ಷ ಇದ್ದರು. ನಾನು ಹೋದಾಗಲೆಲ್ಲ ಎಡಗೈ ಚಾಚಿ ‘ಮುಟ್ಟಿ ನೋಡೇ’ ಅನ್ನೋರು. ಚರ್ಮದ ಕೆಳಗೆ ಜೀರುಂಡೆ ಸಿಕ್ಕಿಹಾಕಿಕೊಂಡ ಹಾಗೆ ಝುಂಯ್ ಅನ್ನೋದು. ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನ ಕಿವಿಗಿಟ್ಟುಕೊಂಡು ಕೇಳಿ, ‘ಓಡ್ತಾ ಇದೆ’ ಅಂದು ಆಮೇಲೆ ಹಲ್ಲುಜ್ಜಲು ಹೋಗೋರು.

ಈಗ ನಿಮ್ಮ ಎರಡನೇ ಪುಟಕ್ಕೆ ಬನ್ನಿ. ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಎಣ್ಣೆ ಸಿಗದಿದ್ದರೆ ಬೇರಿಂಗು ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಆದ್ದರಿಂದ ಆಯಿಲ್ ಲೈನ್ ಎಳೆದು, ಎಣ್ಣೆ ತುಂಬಿಸಿಕೊಳ್ಳದೆ ಸೆಲ್ಫ್ ಹೊಡೆಯೋದೇ ಇಲ್ಲ ಅಂತ ನೀವೇ ಬರೆದಿದ್ದೀರಿ. ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂದರೆ ಎಣ್ಣೆ ಅಂದರೆ ಒಗ್ಗರಣೆ ಅಂದುಕೊಂಡಿರುವ ನನಗೂ ಅರ್ಥವಾಯಿತು. ನಿಮ್ಮ ಎಡಗೈ ನಿಮ್ಮ ಆಯಿಲ್ ಲೈನ್.

ಸ್ಪ್ಯಾನರ್ ಹಿಡಿಯೋಕಾಗಲ್ಲ ಅನ್ನೋ ಮಾತೂ ಪೂರ್ತಿ ನಿಜವಲ್ಲ. ಸಾಮಾನ್ಯವಾಗಿ ಕಡಿಮೆ ಬಳಸುವ ಕೈಗೇ ಇದನ್ನು ಮಾಡೋದು. ಗಾಯ ಮಾಗಿದ ಮೇಲೆ ಚೆಂಡು ಹಿಸುಕಿ ವ್ಯಾಯಾಮ ಮಾಡಿ ಅಂತ ಅವರೇ ಹೇಳುತ್ತಾರೆ. ಆ ಕೈಯಲ್ಲಿ ಗೇರ್‌ಬಾಕ್ಸ್ ಎತ್ತಬಾರದು, ಪೆಟ್ಟು ಬೀಳಬಾರದು, ಬಿಗಿಯಾಗಿ ವಾಚು ಕಟ್ಟಬಾರದು. ಭಾರ ಎತ್ತಲು ಮಂಡ್ಯದಲ್ಲಿ ಹುಡುಗರಿಗೆ ಬರವೇ?

ನಿಮ್ಮ ಮೇಲಿನ ಸಿಟ್ಟು ಇಷ್ಟಾದರೆ, ಆ ಗ್ಯಾರೇಜಿನ ಗೆಳೆಯನ ಮೇಲೆ ಇದರ ನಾಲ್ಕರಷ್ಟು. ‘ಏನೂ ಆಗಾಕಿಲ್ಲ ಬುಡಣ್ಣೋ, ಮನ್ಸು ಗಟ್ಟಿ ಇರಬೇಕು’ ಅನ್ನುವ ಆಸಾಮಿ. ಗುಜರಿಗೆ ಬಂದ ಡೀಸೆಲ್ ಸ್ವಿಫ್ಟಿನ ಟರ್ಬೊ ಬಿಚ್ಚಿ ನಿಮಗೆ ಮಾರಿದವನು ಅವನೇ. ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್‌ಗಿಂತ ಬಿಸಿ, ಆ ಟರ್ಬೊ ಎಷ್ಟು ದಿನ ತಡೆಯುತ್ತೆ ಅಂತ ಅವನನ್ನು ಕೇಳಿದಿರಾ? ಹೋಗಲಿ, ಅದು ನಿಮ್ಮಿಬ್ಬರ ವಿಷಯ. ಆದರೆ ಗಾಡಿ ಕೆಳಗೆ ಮಲಗಿ ಸೊಂಟ ಹಿಡಿದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದುಕೊಡುತ್ತಾನೆ ಅಂತ ಪ್ರೀತಿಯಿಂದ ಬರೆದಿದ್ದೀರಲ್ಲ, ಅಲ್ಲಿ ನನಗೆ ಊಟ ಸೇರದೆ ಹೋಯಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಸೋತ ಕಿಡ್ನಿಗೆ ವಿಷ. ಉಳಿದಿರುವ ಚೂರುಪಾರನ್ನೂ ಅವನು ಸ್ಟ್ರಿಪ್ ಲೆಕ್ಕದಲ್ಲಿ ತೆಗೆಯುತ್ತಿದ್ದಾನೆ. ಗೊತ್ತಿಲ್ಲದೆ ಮಾಡಿದ ಅಂತ ನೀವು ಹೇಳಬಹುದು. ಕಿಡ್ನಿ ರೋಗಿಗೆ ಮಾತ್ರೆ ಕೊಡುವ ಮುಂಚೆ ಕೇಳಿ ತಿಳಿಯೋದು ಅವನ ಕೆಲಸವಾಗಿತ್ತು.

ನಿಮ್ಮ ಹೆಂಡತಿಗೆ ಎಳನೀರು ಒಡೆಯುವ ಶಬ್ದ ಕೇಳಿದರೂ ಕೋಪ ಬರುತ್ತೆ ಅಂತ ತಮಾಷೆ ಮಾಡಿದ್ದೀರಿ. ಮದ್ದೂರಿನಲ್ಲಿ ಎಳನೀರಿನ ಮಾರುಕಟ್ಟೆಯೇ ಇದೆ, ಅಂಥ ಸೀಮೆಯ ಮನೆಯಲ್ಲಿ ಸೋತ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಇದೆ ಅಂತ ಎಳನೀರು, ಬಾಳೆಹಣ್ಣು ನಿಲ್ಲಿಸಿ, ನೀರನ್ನು ಲೋಟದಲ್ಲಿ ಅಳೆದು, ಉಪ್ಪು ಕಡಿಮೆ ಮಾಡಿ ಬೇರೆ ಸಾರು ಕಾಯಿಸುತ್ತಿರುವವರು ಅವರು. ಆಕೆಗೆ ಕೋಪ ಬರದೆ ಇನ್ಯಾರಿಗೆ ಬರಬೇಕು? ಆದರೂ ತಾಯೀ, ಇದನ್ನು ನೀವು ಓದುತ್ತಿದ್ದರೆ, ಗುಜರಿಯವನನ್ನು ಕರೆಯಬೇಡಿ. 1961ರಿಂದ 1996ರವರೆಗೆ ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಬೈಕು ತಯಾರಾಗುತ್ತಿದ್ದ ಮೈಸೂರು ನಮ್ಮೂರು. ನಮ್ಮ ಹಜಾರದಲ್ಲೇ ನಮ್ಮವರ ಯೆಜ್ಡಿ ಎಂಜಿನ್ ಮೂರು ತಿಂಗಳು ಬಿಚ್ಚಿಕೊಂಡು ಬಿದ್ದಿತ್ತು, ನಾನು ಅದರ ಸುತ್ತ ರಂಗೋಲಿ ಬಿಟ್ಟಿದ್ದೇನೆ. ಕೈಕಾಲು ಆಡಿಸುವ ಗಂಡಸನ್ನು ಮಂಚಕ್ಕೆ ಕೂರಿಸಿದರೆ ಮನೆ ತುಂಬ ಅವನೇ ತುಂಬಿಕೊಳ್ಳುತ್ತಾನೆ.

ದಸರೆಯ ಗಡುವಿನ ಬಗ್ಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅಪಘಾತವಾದರೆ ವಿಮೆಯೂ ತಕರಾರು ತೆಗೆಯಬಹುದು. ಅಂದರೆ ಬೆಟ್ಟದ ರಸ್ತೆಗೆ ಆ ಗಾಡಿಯನ್ನು ಇಳಿಸುವ ಮುಂಚೆ ನೀವು ಆರ್‌ಟಿಓ ಮೆಟ್ಟಿಲು ಹತ್ತಬೇಕು, ಅಲ್ಲಿ ಒಪ್ಪಿಗೆ ಸಿಗೋದು ಕಷ್ಟ. ದಸರೆ ಅನ್ನುವ ಗಡುವು ನೀವೇ ಹಾಕಿಕೊಂಡದ್ದು. ಡಾಕ್ಟರು ಹಾಕಿದ ಗಡುವು ಯುಗಾದಿ, ಅದು ದಾಟಿಹೋಗಿದೆ.

ಮಾರಬೇಡಿ. ಮುಗಿಸಲೂ ಬೇಡಿ, ಈಗ. ಜೆನ್‌ಗೆ ಟಾರ್ಪಾಲು ಹೊದಿಸಿ, ಎಂಜಿನ್ನಿಗೆ ಎಣ್ಣೆ ಬಟ್ಟೆ ಸುತ್ತಿ. ಸೋಮವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ನೆಫ್ರಾಲಜಿ, ಅಂದರೆ ಕಿಡ್ನಿ ವಿಭಾಗದ ಓಪಿಡಿಗೆ ಹೋಗಿ ಆಪರೇಷನ್‌ಗೆ ತಾರೀಖು ತೆಗೆದುಕೊಳ್ಳಿ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಅಲ್ಲಿಯತನಕವೂ, ಆಮೇಲೂ ಯಾರು ರಕ್ತ ತೆಗೆಯಲು ಬಂದರೂ, ಬಿಪಿ ನೋಡಲು ಬಂದರೂ ಬಲಗೈ ಕೊಡಿ, ಎಡಗೈಯ ನಾಳ ಕೆಡಬಾರದು.

ತಾರೀಖು ಸಿಕ್ಕ ದಿನ ನನಗೊಂದು ಕಾರ್ಡು ಹಾಕಿ. ಅದರಲ್ಲಿ ಕ್ರಿಯಾಟಿನಿನ್ ದಶಾಂಶದ ಸಮೇತ ಇರಲಿ.